ಎರಡರಷ್ಟು ಪ್ರೊಸೆಸರು

ಆಸ್ಪತ್ರೆಯ ಮ್ಯಾನೇಜರು ಹಿಂದಿನ ಸಂಜೆ ಮನೆಗೆ ಹೊರಡುವ ಮುನ್ನ ಒಂದು ಉಪಕಾರ ಮಾಡಿದ್ದರು. ಲ್ಯಾಬ್ ರಿಪೋರ್ಟು ಕೊಡುವ ವರ್ಚುವಲ್ ಮೆಷಿನ್ನಿಗೆ, ಅಂದರೆ ದೊಡ್ಡ ಸರ್ವರಿನೊಳಗೇ ಬೇರೊಂದು ಕಂಪ್ಯೂಟರಿನಂತೆ ಓಡುವ ವ್ಯವಸ್ಥೆಗೆ, ಪ್ರೊಸೆಸರುಗಳನ್ನು ಎರಡರಷ್ಟು ಮಾಡಿಸಿದ್ದರು. ಬೆಳಿಗ್ಗೆ ನೋಡಿದರೆ, ಹೊರಟೆ ಹೊರಟೆ ಎನ್ನುತ್ತ ಹೊಸ್ತಿಲಲ್ಲೇ ನಿಂತು ಹರಟುವ ನೆಂಟರ ಹಾಗೆ, ಒಂದು ರಿಪೋರ್ಟೂ ಹೊರಗೆ ಬರುತ್ತಿಲ್ಲ.

ಸರ್ವರ್ ರೂಮು ನೋಡಿಕೊಳ್ಳುವವನನ್ನು ಎಲ್ಲರೂ ರೀಸ್ಟಾರ್ಟಪ್ಪ ಎನ್ನುತ್ತಿದ್ದರು. ಯಾರು ಏನು ದೂರು ತಂದರೂ ಅವನು ಮೊದಲು ಹೇಳುತ್ತಿದ್ದುದು ಅದನ್ನೇ. ಆ ದಿನ ಅವನು ಅರ್ಧ ದಿನ ರಜೆ ಕೇಳಿದ್ದ. ಮದುವೆಯಾದಾಗಿನಿಂದ ಮುನಿಸಿಕೊಂಡಿದ್ದ ಮಾವ ಮೊದಲ ಸಲ ಮನೆಗೆ ಬರುತ್ತಿದ್ದರು. ಸ್ಟೇಷನ್ನಿಗೆ ಹೋಗಿ ಕರೆತರಬೇಕಿತ್ತು.

"ಸರ್ವರಿನಲ್ಲಿ ಎರಡು ಭಾಗ ಸಾರ್," ಎಂದು ಮ್ಯಾನೇಜರಿಗೆ ವಿವರಿಸಿದ. "ಒಂದೊಂದಕ್ಕೂ ಅದರದ್ದೇ ಪ್ರೊಸೆಸರು, ಅದರದ್ದೇ ಮೆಮೊರಿ. ಈ ಮೆಷಿನ್ನು ಒಂದೇ ಭಾಗದಲ್ಲಿ ತೆಪ್ಪಗಿತ್ತು. ಈಗ ದೊಡ್ಡದಾಗಿ ಎರಡೂ ಕಡೆ ಕಾಲು ಚಾಚಿದೆ. ಒಲೆ ನಮ್ಮನೇಲಿ, ಉಪ್ಪಿನ ಡಬ್ಬಿ ಪಕ್ಕದ್ಮನೇಲಿ ಇದ್ದ ಹಾಗೆ. ಪ್ರೊಸೆಸರ್ ಕಮ್ಮಿ ಮಾಡಿದ್ರೆ ಸರಿಹೋಗತ್ತೆ."

"ಗಾಡಿ ನಿಂತೋಯ್ತು ಅಂದ್ರೆ ಇರೋ ಎತ್ತನ್ನೂ ಬಿಚ್ತಾರೇನಯ್ಯಾ? ಇನ್ನೂ ನಾಲ್ಕು ಹಾಕು!"

ಹಾಕಿದ. ಉಸಿರಷ್ಟೇ ಆಡುತ್ತಿದ್ದ ಮೆಷಿನ್ನು ಈಗ ಅದನ್ನೂ ನಿಲ್ಲಿಸುವಂತೆ ಕಂಡಿತು.

ಕ್ಯಾಷಿಯರು ಬಂದು, "ಸೆಕೆಗೆ ಹಿಂಗಾಗಿರತ್ತೆ, ಒಂದು ಫ್ಯಾನ್ ಇಡ್ರೀ," ಎಂದರು. ಹೆಡ್ ನರ್ಸಮ್ಮ ಬಾಗಿಲಲ್ಲೇ ನಿಂತು, "ನಮ್ಮ ವಾರ್ಡಿನ ಮೆಷಿನ್ ಮುಟ್ಟಿದ್ರೋ, ನಿಮಗೇ ಇಂಜೆಕ್ಷನ್ನು," ಎಂದರು. ಕಿಟಕಿಯಾಚೆ ಸಾಲಿನಲ್ಲಿದ್ದ ಅಜ್ಜಿಯೊಬ್ಬರು, "ರಕ್ತ ತಗೊಳ್ಳೋವಾಗ ಮಾತ್ರ ಒಂಚೂರೂ ತಡ ಆಗ್ಲಿಲ್ಲಪ್ಪ," ಎಂದು ನಿಟ್ಟುಸಿರಿಟ್ಟರು. ಅದೊಂದು ಮಾತು ಅವನಿಗೆ ಚುಚ್ಚಿತು.

ಹೆಂಡತಿಯ ಫೋನು ಬಂತು. "ಹೊರಟ್ರಾ?"

"ಹೊರಡ್ತಾ ಇದೀನಿ ಕಣೇ."

"ಬೆಳಿಗ್ಗೆಯಿಂದ ಹೊರಡ್ತಾನೇ ಇದೀರಿ."

ಮ್ಯಾನೇಜರು ಊಟಕ್ಕೆ ಹೋದದ್ದೇ ತಡ, ರೀಸ್ಟಾರ್ಟಪ್ಪ ಬಾಗಿಲು ಹಾಕಿಕೊಂಡ. ಮೆಷಿನ್ನನ್ನು ನಿಲ್ಲಿಸಿ, ಸೇರಿಸಿದ್ದನ್ನೆಲ್ಲ ಕಿತ್ತು, ಪ್ರೊಸೆಸರು ಮೆಮೊರಿ ಎರಡನ್ನೂ ಒಂದೇ ಭಾಗದಲ್ಲಿ ಕೂರಿಸಿ ಮತ್ತೆ ಚಾಲೂ ಮಾಡಿದ. ಪ್ರಿಂಟರು ಪಟಪಟನೆ ಕಾಗದ ಉಗುಳತೊಡಗಿತು. ಸಾಲು ಕರಗಿತು. ಅಜ್ಜಿ ರಿಪೋರ್ಟು ಹಿಡಿದು ಅವನತ್ತ ಕೈಯೆತ್ತಿ ಹೋದರು. ಅವನು ಬ್ಯಾಗು ಹೆಗಲಿಗೇರಿಸಿಕೊಂಡು ಓಡಿದ.

ಗೇಟಿನಲ್ಲಿ ಮ್ಯಾನೇಜರು ಎದುರಾದರು. ಮುಖ ಅರಳಿತ್ತು.

"ನೋಡಿದ್ಯಾ? ನಾಲ್ಕು ಜಾಸ್ತಿ ಹಾಕಿಸಿದ್ದಕ್ಕೆ ಹೆಂಗೆ ಹಾರ್ತಾ ಇದೆ! ಕಮ್ಮಿ ಮಾಡೋಣ ಅಂದ್ಯಲ್ಲ ನೀನು!"

"ಸಾರ್, ಅದು..."

ನಿಜ ಹೇಳಿದರೆ ಅಪ್ಪಣೆ ಮೀರಿದ್ದು ಬಯಲಾಗುತ್ತಿತ್ತು.

"ಇರ್ಲಿ ಬಿಡು, ಎಲ್ರಿಗೂ ಎಲ್ಲಾ ಗೊತ್ತಿರಲ್ಲ. ಈಗ ಒಂದು ಕೆಲ್ಸ ಮಾಡು. ವಾರ್ಡು, ಔಷಧಿ, ಬಿಲ್ಲು, ಎಲ್ಲಾ ಮೆಷಿನ್ನಿಗೂ ಹಿಂಗೇ ಎರಡರಷ್ಟು ಹಾಕ್ಬಿಡು. ಮುಗಿಸೇ ಮನೆಗೆ ಹೋಗು."

ಅಷ್ಟರಲ್ಲಿ ಮತ್ತೆ ಫೋನು. "ಅಪ್ಪ ಆಟೋ ಮಾಡ್ಕೊಂಡು ಬಂದ್ರು. ನಿಮ್ಮ ಸುದ್ದಿ ಎತ್ತಿದ್ರೆ ಗೋಡೆ ನೋಡ್ತಾರೆ," ಎಂದಳು ಹೆಂಡತಿ.

ಬ್ಯಾಗು ಹೆಗಲಿಂದ ತಾನಾಗಿಯೇ ಜಾರಿತು. "ಸಾರ್, ಹಂಗಾದ್ರೆ ನಾಳೆಯಾದ್ರೂ ರಜೆ ಕೊಡಿ."

"ನಾಳೆನಾ? ಛೆ! ಆಸ್ಪತ್ರೆ ಪೂರ್ತಿ ಹಿಂಗೇ ಹಾರೋದನ್ನ ನೋಡೋಕೆ ಟ್ರಸ್ಟಿನವರನ್ನ ಈಗಷ್ಟೇ ಕರೆದಿದೀನಿ. ಅವ್ರ ಪಕ್ಕದಲ್ಲಿ ನೀನೇ ನಿಂತಿರ್ಬೇಕು!"