ವಾದ ಮೊದಲು, ಚಹಾ ಆಮೇಲೆ

ಬೆಂಕಿ ಮತ್ತು ಚಕ್ರದ ನಂತರ ಮನುಷ್ಯಕುಲ ಮಾಡಿದ ಮಹತ್ತರ ಶೋಧವೆಂದರೆ, ಹೇಳಬೇಕಾದ ಮಾತನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಬಹುದು ಎಂಬುದು. ಈ ಶೋಧ ಖಾನಾಪುರ ತಾಲ್ಲೂಕಿಗೆ ಇನ್ನೂ ಬಂದು ಮುಟ್ಟಿಲ್ಲ. ಬೆಳಗಾವಿಗೆ ಬಂದಿದೆ ಎನ್ನುತ್ತಾರೆ. ನಮ್ಮ ಓಣಿಯವರೆಗೆ ಬಂದದ್ದನ್ನಂತೂ ನಾನು ಕಂಡಿಲ್ಲ. ನಾನು ಬೆಳಗಾವಿಯಲ್ಲಿ ಮನೆ ಮಾಡಿಕೊಂಡು, ದಿನಾ ಬೆಳಿಗ್ಗೆ ರೈಲು ಹಿಡಿದು ಹೋಗಿ, ಖಾನಾಪುರದ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಆದ್ದರಿಂದ ಈ ಶೋಧವನ್ನು ಹೊತ್ತು ಸಾಗಿಸುವ ಹೊಣೆ ವಿಧಿ ನನ್ನ ತಲೆಗೇ ಕಟ್ಟಿದೆ ಎಂದು ಬಹುಕಾಲ ನಂಬಿದ್ದೆ. ದೇಸೂರ ಸ್ಟೇಷನ್ನಿನಲ್ಲಿ ಎದುರಿನ ಗಾಡಿಗಾಗಿ ನಮ್ಮ ಗಾಡಿಯನ್ನು ನಿಲ್ಲಿಸಿದಾಗಲೆಲ್ಲ, ನಾಗರಿಕತೆಯೇ ಅಲ್ಲಿ ತಡವಾಗುತ್ತಿದೆ ಎಂದು ಚಡಪಡಿಸುತ್ತಿದ್ದೆ. ಪಕ್ಕದಲ್ಲಿ ಕುಳಿತವರು ಶೇಂಗಾ ತಿನ್ನುತ್ತಿದ್ದರು.

ನಮ್ಮ ಕಡೆಯ ರೀತಿ ಗೊತ್ತಿಲ್ಲದವರಿಗಾಗಿ ಒಂದಿಷ್ಟು ವಿವರಿಸಬೇಕು. ನಮ್ಮಲ್ಲಿ ಯಾರಾದರೂ ಕೆಲಸವಿಟ್ಟುಕೊಂಡು ನಿಮ್ಮ ಮನೆಗೆ ಬಂದರೆ ಆ ಕೆಲಸವೇನೆಂದು ಹೇಳುವುದಿಲ್ಲ. ಮೊದಲು ಮಳೆಯ ವಿಚಾರ. ಆಮೇಲೆ ನಿಮ್ಮ ಮಂಡಿನೋವು. ಆಮೇಲೆ ಅವರ ಮಂಡಿನೋವು. ಎರಡನ್ನೂ ಹೋಲಿಸಿ ನೋಡಿ, ಯಾರದು ಹೆಚ್ಚು ಎಂಬ ತೀರ್ಮಾನಕ್ಕೆ ಬರುವಷ್ಟರಲ್ಲಿ ಚಹಾ ಬರುತ್ತದೆ. ಚಹಾದ ನಂತರ ಬೀಗರು, ಬಿತ್ತನೆ, ಹಾಳಾದ ರಸ್ತೆ. ಕೊನೆಗೆ "ಬರ್ತೇನ್ರಿ" ಎಂದು ಎದ್ದು, ಬಾಗಿಲಿಗೆ ಹೋಗಿ, ಒಂದು ಕಾಲನ್ನು ಚಪ್ಪಲಿಯಲ್ಲಿ ತೂರಿಸಿ, ಇನ್ನೊಂದು ಕಾಲಿನಿಂದ ಎರಡನೆಯ ಚಪ್ಪಲಿ ತಡಕಾಡುತ್ತ, "ಅಂದಂಗ..." ಎನ್ನುತ್ತಾರೆ. ಅದರ ಮುಂದೆ ಬರುವುದೇ ಬಂದ ಕೆಲಸ. ಒಮ್ಮೆ ನಮ್ಮ ಮಾಳಿಗೆಯ ನೀರಿನ ಟಾಕಿ ತುಂಬಿ ಹರಿದು ಬಾಜೂ ಮನೆಯವರ ಅಡುಗೆಕೋಣೆಗೆ ನೀರು ಇಳಿಯುತ್ತಿತ್ತು. ಅದನ್ನು ಹೇಳಲು ಬಂದ ಪುಣ್ಯಾತ್ಮರು ಚಹಾ ಮುಗಿಯುವ ತನಕ ಬಾಯಿ ಬಿಡಲಿಲ್ಲ. ಅವರ ಪ್ಯಾಂಟು ಮೊಣಕಾಲಿನವರೆಗೆ ಏಕೆ ಒದ್ದೆಯಾಗಿದೆ ಎಂದು ನಾನೂ ಕೇಳಲಿಲ್ಲ. ಕೇಳಿದ್ದರೆ ಒರಟುತನವಾಗುತ್ತಿತ್ತು.

ಇಂಥ ಸಂಸ್ಕೃತಿಯಲ್ಲಿ ಬೆಳೆದ ಮಕ್ಕಳ ಕೈಗೆ ಒಂದು ಕವಿತೆ ಕೊಟ್ಟು "ಇದನ್ನು ವಿಮರ್ಶಿಸಿ" ಎಂದರೆ ಏನಾಗುತ್ತದೆ, ನೀವೇ ಊಹಿಸಿ. ನಮ್ಮ ಪಠ್ಯದಲ್ಲಿ ಒಂದು ಚಿಕ್ಕ ಕವಿತೆಯಿತ್ತು. ತಾಯಿಯೊಬ್ಬಳು ರಾತ್ರಿ ಊಟಕ್ಕೆ ತಟ್ಟೆ ಇಡುತ್ತಾಳೆ, ಒಂದು ತಟ್ಟೆ ಹೆಚ್ಚಿಗೆ ಇಡುತ್ತಾಳೆ, ಮತ್ತೆ ಎತ್ತಿಡುತ್ತಾಳೆ. ಅಷ್ಟೇ. ಮಗ ತೀರಿಹೋಗಿದ್ದಾನೆ ಎಂದು ಕವಿ ಎಲ್ಲೂ ಹೇಳುವುದಿಲ್ಲ. ನಮ್ಮ ಹುಡುಗರ ಉತ್ತರ ಕವಿಯ ಜನನದಿಂದ ಶುರುವಾಗುತ್ತಿತ್ತು. ಆಮೇಲೆ ಕವಿಗೆ ಸಂದ ಶಾಲುಗಳು. ಆಮೇಲೆ ಕನ್ನಡ ನುಡಿಯ ಹಿರಿಮೆ, ಕಾವ್ಯವೆಂದರೇನು, ತಾಯಿಯೆಂದರೇನು, ಸ್ಟೀಲ್ ತಟ್ಟೆ ಬರುವ ಮೊದಲು ಜನ ಯಾವುದರಲ್ಲಿ ಉಣ್ಣುತ್ತಿದ್ದರು. ನಾಲ್ಕನೆಯ ಪುಟದ ಕೊನೆಯಲ್ಲಿ, ಗಂಟೆ ಬಾರಿಸಿದ ಮೇಲೆ ಗೀಚಿದ ಅಕ್ಷರಗಳಲ್ಲಿ, "ಮಗ ಸತ್ತಿರಬಹುದು" ಎಂಬ ಒಂದು ಸಾಲು. ಅದನ್ನು ಓದುವಾಗ ಆ ಹುಡುಗ ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಿರುವುದು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಇದಕ್ಕೆ ಮದ್ದು ಅರೆಯಲು ನಾನು ಟೊಂಕ ಕಟ್ಟಿದೆ. ಬೋರ್ಡಿನ ಮೇಲೆ ನಾಲ್ಕು ಕೋಣೆಗಳ ಒಂದು ಮನೆ ಬರೆದು, ಪ್ರಬಂಧವೆಂದರೆ ಇದು ಎಂದೆ. ಮೊದಲು ವಾದ: ಈ ಕವಿತೆಯ ಬಗ್ಗೆ ನೀನು ಏನು ಹೇಳಬೇಕೆಂದಿದ್ದೀ, ಒಂದೇ ವಾಕ್ಯದಲ್ಲಿ. ಆಮೇಲೆ ಪುರಾವೆ: ಹಾಗೆಂದು ಕವಿತೆಯ ಯಾವ ಸಾಲು ಹೇಳುತ್ತದೆ. ಆಮೇಲೆ ವಿವರಣೆ: ಆ ಸಾಲು ಹಾಗೆ ಹೇಳುತ್ತದೆಂದು ನಿನಗೆ ಹೇಗೆ ಗೊತ್ತು. ಕೊನೆಗೆ ಮುಕ್ತಾಯ: ಹಾಗಾದರೆ ಏನೀಗ. ಕವಿಯ ಜನ್ಮವೃತ್ತಾಂತ ಮನೆಯ ಹೊರಗೆ, ಅಂಗಳದಲ್ಲಿ. ಅದು ಒಳಗೆ ಬರಬೇಕಾದರೆ ನನ್ನ ಅಪ್ಪಣೆ ಬೇಕು. ವಾದವೆಂದರೆ ಯಾರಾದರೂ ಒಬ್ಬರು ಅಲ್ಲಗಳೆಯಬಹುದಾದ ಮಾತಾಗಿರಬೇಕು ಎಂದೂ ಕಲಿಸಿದೆ. "ಈ ಕವಿತೆ ತುಂಬಾ ಚೆನ್ನಾಗಿದೆ" ಎಂಬುದು ವಾದವಲ್ಲ, ಮರ್ಯಾದೆ. ಮಕ್ಕಳು ಗಾಬರಿಯಾದರು. ಮೊದಲನೆಯ ಸಾಲಿನಲ್ಲೇ ಎಲ್ಲ ಹೇಳಿಬಿಟ್ಟರೆ ಓದುವವರು ಮುಂದೆ ಯಾಕೆ ಓದುತ್ತಾರೆ ಎಂದು ಒಬ್ಬ ಕೇಳಿದ. ಓದುವವನು ನಾನು, ಅದಕ್ಕೇ ನನಗೆ ಸಂಬಳ ಕೊಡುತ್ತಾರೆ ಎಂದು ಸಮಾಧಾನ ಹೇಳಿದೆ. ಮನೆಯಲ್ಲಿ ಈ ಪದ್ಧತಿಯ ಹಿರಿಮೆಯನ್ನು ನನ್ನ ಹೆಂಡತಿಗೂ ಬಣ್ಣಿಸಿದೆ. ಅವಳು ಪೂರ್ತಿ ಕೇಳಿ, ಭಾಳ ಛಲೋ ಅದ ಎಂದು, ಒಳಗೆ ಹೋಗುತ್ತ, ಅಂದಂಗ ಅಕ್ಕಿ ತೀರ್ಯಾವ ಎಂದಳು.

ತರಗತಿಯಲ್ಲಿ ಈ ಪದ್ಧತಿಯನ್ನು ಎದೆಗೆ ಹಚ್ಚಿಕೊಂಡವಳು ಒಬ್ಬಳೇ: ಬೀಡಿ ಎಂಬ ಊರಿನ ರೇಣುಕಾ. ಎರಡನೆಯ ವರ್ಷದ ಐಚ್ಛಿಕ ಕನ್ನಡದ ವಿದ್ಯಾರ್ಥಿನಿ. ಒಕ್ಕಲುತನದ ಮನೆಯ ಹುಡುಗಿ, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. "ಈ ತಾಯಿ ಅಳುವುದಿಲ್ಲ, ಏಕೆಂದರೆ ತಟ್ಟೆ ಎತ್ತಿಡುವುದೇ ಅವಳ ಅಳು" ಎಂದು ಅವಳು ಮೊದಲ ವಾಕ್ಯ ಬರೆದದ್ದನ್ನು ನೋಡಿ ನಾನು ಸ್ಟಾಫ್ ರೂಮಿನಲ್ಲಿ ಎದ್ದು ನಿಂತೆ. ಕನ್ನಡಕ ಬಿತ್ತು. ಅವಳೊಬ್ಬಳು ಸಾಕು, ನನ್ನ ಹೊರೆ ಗುರಿ ಮುಟ್ಟಿತು ಎಂದುಕೊಂಡೆ. ಅದೇ ವಾರ ಪ್ರಾಚಾರ್ಯರು ನನ್ನನ್ನು ಕರೆದು, ಮಂದಿ ಕಡಿಮೆ ಇರುವುದರಿಂದ ಮುಂದಿನ ವರ್ಷದಿಂದ ಐಚ್ಛಿಕ ಕನ್ನಡವನ್ನು ಮುಚ್ಚಲು ಆಡಳಿತ ಮಂಡಳಿ ಠರಾವು ಮಾಡಿದೆ ಎಂದರು. ಈಗ ಓದುತ್ತಿರುವವರು ಬೆಳಗಾವಿಯ ಯಾವುದಾದರೂ ಕಾಲೇಜಿಗೆ ಸೇರಿಕೊಳ್ಳಬಹುದಂತೆ.

ನನಗೇನೂ ಆಗುತ್ತಿರಲಿಲ್ಲ. ಬಿ.ಕಾಂ. ಹುಡುಗರಿಗೆ ವ್ಯವಹಾರದ ಪತ್ರ ಬರೆಯಲು ಕಲಿಸುತ್ತ ಉಳಿದ ಸರ್ವಿಸನ್ನು ಸುಖವಾಗಿ ಮುಗಿಸಬಹುದಿತ್ತು. ರೇಣುಕಾಳದು ಹಾಗಿರಲಿಲ್ಲ. ಬೀಡಿಯಿಂದ ಖಾನಾಪುರಕ್ಕೆ ಬರಲು ಅವಳ ಮನೆಯಲ್ಲಿ ಒಪ್ಪಿದ್ದೇ ದೊಡ್ಡ ಮಾತು. ಬೆಳಗಾವಿ ಎಂದರೆ ಅಲ್ಲಿಗೆ ಓದು ಬಂದ್. ಅಧ್ಯಕ್ಷರನ್ನು ಕಂಡು ಮಾತಾಡೋಣ ಎಂದು ನಾನೇ ಹೇಳಿದೆ. ನಮ್ಮ ಸಂಸ್ಥೆಯ ಅಧ್ಯಕ್ಷರು ಹಂಚಿನ ಕಾರ್ಖಾನೆಯ ಮಾಲಕರು. ಮಂಡಳಿಯಲ್ಲಿ ಉಳಿದವರು ಅವರು ಕೆಮ್ಮಿದರೆ ಕೈ ಎತ್ತುವವರು. ದಾರಿಯಲ್ಲಿ ರೇಣುಕಾಳಿಗೆ ಮತ್ತೊಮ್ಮೆ ಪಾಠ ಹೇಳಿದೆ: ಹೆದರಬೇಡ, ಪ್ರಬಂಧ ಬರೆದ ಹಾಗೆ ಮಾತಾಡು, ವಾದ ಮೊದಲು. ಈ ಪದ್ಧತಿ ಸೋತ ಉದಾಹರಣೆ ಇಲ್ಲ ಎಂದೂ ಹೇಳಿದೆ. ಅದು ಸತ್ಯವೇ. ಅಲ್ಲಿಯವರೆಗೆ ಯಾರೂ ಅದನ್ನು ಪ್ರಯೋಗಿಸಿರಲಿಲ್ಲ.

ಅಧ್ಯಕ್ಷರು ಪಡಸಾಲೆಯಲ್ಲಿ ತೂಗುಮಂಚದ ಮೇಲೆ ಕುಳಿತಿದ್ದರು. ನಾನು ಮಳೆಯ ವಿಷಯಕ್ಕೆಂದು ಬಾಯಿ ತೆರೆಯುವಷ್ಟರಲ್ಲಿ ರೇಣುಕಾ ನಿಂತಲ್ಲೇ ಶುರು ಮಾಡಿದಳು.

"ನಮಸ್ಕಾರ್ರಿ. ಐಚ್ಛಿಕ ಕನ್ನಡ ಮುಚ್ಚಬಾರದ್ರಿ. ಅದನ್ನ ಹೇಳಾಕ ಬಂದೇವ್ರಿ."

ತೂಗುಮಂಚ ನಿಂತಿತು. ಎಲೆ ಹಾಕುವ ಮೊದಲೇ ಸಾರು ಸುರಿದವರನ್ನು ನೋಡುವಂತೆ ಅಧ್ಯಕ್ಷರು ನನ್ನನ್ನು ನೋಡಿ, ಮೊದಲ ಕುಂದರ್ರಿ ಎಂದರು. ಅವಳು ಕುಳಿತಳು, ಆದರೆ ನಿಲ್ಲಿಸಲಿಲ್ಲ. ಪುರಾವೆ ಕೊಟ್ಟಳು, ವಿವರಣೆ ಕೊಟ್ಟಳು. ತಾಲ್ಲೂಕಿನಲ್ಲಿ ಈ ವಿಷಯ ಕಲಿಯಲು ತನ್ನಂಥವರಿಗೆ ಬೇರೆ ಜಾಗವಿಲ್ಲವೆಂದಳು. ಮುಕ್ತಾಯವನ್ನೂ ಸರಿಯಾದ ಜಾಗದಲ್ಲೇ ಇಟ್ಟಳು: "ಬೆಳಗಾವಿಗೆ ನಮ್ಮ ಮನ್ಯಾಗ ಕಳಸೂದಿಲ್ರಿ. ಕ್ಲಾಸ್ ಮುಚ್ಚಿದ್ರ ನನ್ನ ಸಾಲಿ ಮುಗೀತ್ರಿ." ಇಷ್ಟು ಅಚ್ಚುಕಟ್ಟಾದ ಪ್ರಬಂಧವನ್ನು ನಾನು ಕೇಳಿರಲಿಲ್ಲ. ಪೂರ್ತಿ ಅಂಕ ಕೊಡಲು ಬೆರಳು ತುರಿಸಿದವು.

"ನೀ ಹೇಳಿದ್ದೆಲ್ಲಾ ಖರೇ ಐತೆವಾ," ಎಂದರು ಅಧ್ಯಕ್ಷರು. "ಆದ್ರ ಆಗೂದಿಲ್ಲ."

ಆಗ ನನಗೆ ನಮ್ಮ ಸೀಮೆಯ ಹಿರಿಯರ ಮೇಲೆ ಏಕಾಏಕಿ ಗೌರವ ಹುಟ್ಟಿತು. ವಿಷಯವನ್ನು ಮೊದಲೇ ಹೇಳಿದರೆ 'ಇಲ್ಲ' ಎಂಬುದೂ ಮೊದಲೇ ಬಂದು ಕುಳಿತುಬಿಡುತ್ತದೆ. ಹೊರಡುವಾಗ ಬಾಗಿಲಲ್ಲಿ ಹೇಳಿದ್ದರೆ 'ಇಲ್ಲ' ಕೇಳಿದ ಮರುಕ್ಷಣ ನಾವು ಬೀದಿಯಲ್ಲಿರುತ್ತಿದ್ದೆವು. ಈಗ ಒಳಗಿನಿಂದ ಅವಲಕ್ಕಿ ಬರುವುದಿತ್ತು, ಚಹಾ ಬರುವುದಿತ್ತು. 'ಇಲ್ಲ'ವನ್ನು ಮಧ್ಯದಲ್ಲಿ ಕೂರಿಸಿಕೊಂಡು ಅವೆಲ್ಲವನ್ನೂ ಮುಗಿಸಬೇಕಿತ್ತು. ರೇಣುಕಾ ತಲೆ ತಗ್ಗಿಸಿ ಸೆರಗಿನಂತೆ ವೇಲನ್ನು ಬೆರಳಿಗೆ ಸುತ್ತುತ್ತಿದ್ದಳು. ನಾನು ಹಂಚಿನ ಮಾಡನ್ನು ನೋಡುತ್ತಿದ್ದೆ.

ಆದರೆ ಅಧ್ಯಕ್ಷರು ಹಳೆಯ ಕಾಲದವರು. ಅತಿಥಿಗಳು ಬಂದ ಮೇಲೆ ಕ್ರಮ ತಪ್ಪಬಾರದು. ಮಳೆಯನ್ನು ಅವರೇ ಎತ್ತಿಕೊಂಡರು. ಜಾಂಬೋಟಿ ಕಡೆ ಈ ಸಲ ಹೇಗೆ ಹೊಡೆಯಿತು, ನನ್ನ ಮಂಡಿ ಹೇಗಿದೆ, ತಮ್ಮ ಮಂಡಿ ಹೇಗಿದೆ, ಎಲ್ಲ ಆಯಿತು. ಅವಲಕ್ಕಿ ಬಂತು. ಬೀಡಿಯಲ್ಲಿ ಯಾರ ಪೈಕಿ ಎಂದು ರೇಣುಕಾಳನ್ನು ಕೇಳಿದರು. ಅವಳು ಹೇಳಿದಳು. ಅವಳ ಸೋದರಮಾವನ ಮನೆಗೆ ತಮ್ಮ ಕಾರ್ಖಾನೆಯದೇ ಹಂಚು ಎಂಬುದು ಅವರಿಗೆ ನೆನಪಾಯಿತು. ಅವು ಸೋರುತ್ತವೆಯೇ ಎಂದು, ಉತ್ತರಕ್ಕೆ ಹೆದರಿದವರ ಹಾಗೆ, ಮೆಲ್ಲಗೆ ಕೇಳಿದರು. "ಒಂದು ಹನಿನೂ ಇಲ್ರಿ" ಎಂದಳು ಅವಳು, ತಟ್ಟೆಯಿಂದ ಕಣ್ಣೆತ್ತದೆ. ಅಧ್ಯಕ್ಷರ ಮುಖ ಅರಳಿತು. ಚಹಾ ಎರಡನೆಯ ಸಲ ಬಂತು. ಹಂಚನ್ನು ಸುಡುವ ಹದ, ಮಲಪ್ರಭೆಯ ದಂಡೆಯ ಮಣ್ಣು, ಈಗಿನವರ ಸಿಮೆಂಟಿನ ಹುಚ್ಚು ಎಂದು ಮಾತು ಊರೆಲ್ಲ ಸುತ್ತಿತು. ಐಚ್ಛಿಕ ಕನ್ನಡ ಮಾತ್ರ ಎಲ್ಲೂ ಬರಲಿಲ್ಲ. ಕಡೆಗೆ ನಾವು ಎದ್ದೆವು. ಬೀಳ್ಕೊಡಲು ಅವರೂ ಬಾಗಿಲವರೆಗೆ ಬಂದರು. ನಾನು ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ಮಾತು ಕೇಳಿತು.

"ಅಂದಂಗ ಸರ... ನಾನೂ ಒಂದೀಟು ಕವಿತಾ ಬರದೇನ್ರಿ. ಪುಸ್ತಕ ಮಾಡೂಣು ಅಂತ ಮಾಡೇನಿ. ಮುನ್ನುಡಿ ನೀವ ಬರೀಬೇಕು. ಬರೇ ಹೊಗಳೂದಲ್ಲ ಮತ್ತ, ವಿಮರ್ಶಾ ಮಾಡಿ ಬರೀಬೇಕು." ಸ್ವಲ್ಪ ತಡೆದು, ಬೀದಿಯ ಕಡೆ ನೋಡುತ್ತ ಸೇರಿಸಿದರು: "ಅಧ್ಯಕ್ಷನ ಕವಿತಾ ಪುಸ್ತಕ ಬರೂ ಹೊತ್ತಿನ್ಯಾಗ ಕಾಲೇಜಿನ್ಯಾಗ ಕನ್ನಡ ಇಲ್ಲಂದ್ರ ಚಂದ ಕಾಣೂದಿಲ್ಲ. ನೋಡೂಣು."

ರೇಣುಕಾಳನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದೆ. ಬೀಡಿಯ ಬಸ್ಸು ಬಂದಾಗ, ಸರ, ಅವರು ವಾದ ಕಡೀಕ ಇಟ್ಟಿದ್ರಲ್ರಿ ಎಂದಳು. ಹೌದು, ಆದರೆ ಅವರ ಬಳಿ ಪುರಾವೆ ಬಲವಾಗಿತ್ತು ಎಂದೆ. ಪದ್ಧತಿಯ ಮೇಲಿನ ನನ್ನ ನಂಬಿಕೆ ಆಗಲೂ ಕದಲಿರಲಿಲ್ಲ.

ಹಸ್ತಪ್ರತಿ ಮರುದಿನವೇ ಬಂತು, ಕಾರ್ಖಾನೆಯ ಟೆಂಪೋದಲ್ಲಿ. ಮೊದಲ ಕವಿತೆ ಹೀಗಿತ್ತು: "ಹಂಚೇ, ನೀನು ಮೇಲೆ, ನಾನು ಕೆಳಗೆ, ಮಳೆ ಬಂದರೆ ತೊಯ್ಯುವವ ನೀನೇ ಮೊದಲಿಗೆ." ಉಳಿದವು ಇಷ್ಟು ಚೆನ್ನಾಗಿರಲಿಲ್ಲ. ನಾನು ವಿಧಿವತ್ತಾಗಿ ಕುಳಿತು ಮೊದಲ ವಾಕ್ಯದಲ್ಲಿ ವಾದ ಬರೆದೆ. ಒಂದೇ ವಾಕ್ಯ, ಸ್ಪಷ್ಟವಾಗಿತ್ತು, ಅಲ್ಲಗಳೆಯುವವರು ಅಧ್ಯಕ್ಷರ ಹೊರತು ಯಾರೂ ಇರಲಿಲ್ಲ. ಅದನ್ನು ಹರಿದು ಹಾಕಿದೆ. ಎರಡನೆಯ ವಾದ ಮೊದಲನೆಯದಕ್ಕಿಂತ ಮೆದುವಾಗಿತ್ತು. ಅದನ್ನು ನನ್ನ ಹೆಂಡತಿ ಓದಿ, ಇದನ್ನ ಅಚ್ಚು ಹಾಕಿಸಿದ್ರ ಬಿ.ಕಾಂ.ದವರೂ ನಿಮಗ ಸಿಗೂದಿಲ್ಲ ಎಂದು ಅಭಿಪ್ರಾಯಪಟ್ಟಳು. ಮೂರು ಭಾನುವಾರ ಹೀಗೇ ಹೋದವು. ಆಮೇಲೆ ನಾನು ಕವಿಯ ಜನನದಿಂದ ಶುರು ಮಾಡಿದೆ. ಅಲ್ಲಿಂದ ಲೇಖನಿ ನಿಲ್ಲಲಿಲ್ಲ. ಮಣ್ಣಿನ ಮಹತ್ವ, ಸೂರಿನ ಮಹತ್ವ, ಕನ್ನಡ ನುಡಿಯ ಹಿರಿಮೆ, ಕಾವ್ಯವೆಂದರೇನು, ಉದ್ಯಮಿಗಳು ಕವಿಗಳಾದಾಗ ನಾಡಿಗಾಗುವ ಲಾಭ. ಎಂಟು ಪುಟವಾಯಿತು. ಇಷ್ಟು ವೇಗವಾಗಿ ನಾನು ಜೀವಮಾನದಲ್ಲಿ ಬರೆದದ್ದಿಲ್ಲ, ಶೈಲಿಯೂ ಒಳ್ಳೆಯದಿತ್ತು.

ಕರಡು ತಿದ್ದಲು ರೇಣುಕಾಳಿಗೆ ಕೊಟ್ಟೆ. ನನ್ನ ಕಣ್ಣು ಮಂಜು ಎಂಬುದು ನಾನು ಅವಳಿಗೆ ಕೊಟ್ಟ ಕಾರಣ. ಅವಳು ಸ್ಟಾಫ್ ರೂಮಿನ ಮೂಲೆಯಲ್ಲಿ ಕುಳಿತು, ಪ್ರತಿ ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡು, ನಾನು ಕಲಿಸಿದಂತೆಯೇ ಓದಿದಳು. ಅರ್ಧ ತಾಸಿನ ನಂತರ ಎದ್ದು ಬಂದು, ಕಾಗದವನ್ನು ನನ್ನ ಮುಂದಿಟ್ಟು, ಯಾರಿಗೂ ಕೇಳದಂತೆ ಹೇಳಿದಳು:

"ಸರ, ಆರನೇ ಪುಟದಾಗ ಒಂದು ವಾದ ಉಳಕೊಂಡೈತ್ರಿ."

ನೋಡಿದೆ. ಉಳಿದಿತ್ತು. "ಹಂಚಿನ ಬಗ್ಗೆ ಕವಿಗಿರುವ ಎಚ್ಚರ ಪದಗಳ ಬಗ್ಗೆಯೂ ಇದ್ದಿದ್ದರೆ ಈ ಕವಿತೆಗಳೂ ಸೋರುತ್ತಿರಲಿಲ್ಲ" ಎಂದು ಬರೆದುಬಿಟ್ಟಿದ್ದೆ. ಎಂಟು ಪುಟಗಳಲ್ಲಿ ನನಗೆ ತುಂಬ ಹಿಡಿಸಿದ್ದ ವಾಕ್ಯ ಅದೊಂದೇ. ಹೊಗಳಿಕೆಯ ನಡುವೆ ಯಾರ ಕಣ್ಣಿಗೂ ಬೀಳಲಾರದು ಎಂದುಕೊಂಡಿದ್ದೆ. ವಾದವನ್ನು ಎಲ್ಲಿ ಅಡಗಿಸಿಟ್ಟರೂ ಹುಡುಕಿ ತೆಗೆಯುವಂತೆ ಕಲಿಸಿದವನು ನಾನೇ. ಇರಲಿ ಬಿಡು, ಒಂದೇ ವಾಕ್ಯ ಎಂದೆ. ಅವಳು ಬಸ್ ಪಾಸನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು.

ವಾಕ್ಯವನ್ನು ತೆಗೆದೆ. ಪುಸ್ತಕ ಅಚ್ಚಾಗಿ ಬಂತು. ಐಚ್ಛಿಕ ಕನ್ನಡದ ತರಗತಿ ಈ ವರ್ಷ ನಡೆಯುತ್ತಿದೆ. ರೇಣುಕಾ ಮೂರನೆಯ ವರ್ಷದಲ್ಲಿದ್ದಾಳೆ.