ಬಾಣಂತನಕ್ಕುಂಟು, ಗುಳಿಗೆಗಿಲ್ಲ

ದವಾಖಾನೆಯವರ ಮುಂದೆ ಜನ ನಾಚಿಕೆ ಬಿಟ್ಟು ಮಾತಾಡುತ್ತಾರೆ ಅಂತ ಹೇಳುತ್ತಾರೆ. ಸುಳ್ಳು. ನಾಚಿಕೆ ಇಟ್ಟುಕೊಂಡೇ ಮಾತಾಡುತ್ತಾರೆ. ಅದಕ್ಕೇ ನಮ್ಮಂಥ ನರ್ಸುಗಳ ಹತ್ತಿರ ನಗುವ ಪ್ರಸಂಗಗಳಿಗೆ ಬರ ಇಲ್ಲ.

ನಾನು ಹುಮನಾಬಾದಿನ ಒಂದು ಬೇಳೆ ಗಿರಣಿಯಲ್ಲಿ ನರ್ಸ್ ಆಗಿದ್ದೆ. ಮನೆ ಬಸವಕಲ್ಯಾಣದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಗಿರಣಿಯ ದವಾಖಾನೆ ಅಂದರೆ ಖಾಲಿ ಚೀಲಗಳ ಗೋದಾಮಿನ ಪಕ್ಕದ ಒಂದು ಕೋಣೆ. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು, ಉಳಿದ ದಿನ ನಾನೇ. ಕೂಲಿಯವರ ಪಗಾರದಲ್ಲಿ ಸ್ವಲ್ಪ ಹಿಡಿದು, ಅದಕ್ಕೆ ಗಿರಣಿ ಮಾಲೀಕ ಸಾವ್ಕಾರರು ತಮ್ಮದಿಷ್ಟು ಸೇರಿಸಿ ‘ದವಾಖಾನಿ ಫಂಡ್’ ಅಂತ ಮಾಡಿದ್ದರು. ಜ್ವರ ಬರಲಿ, ಕಾಲು ಮುರಿಯಲಿ, ಖರ್ಚು ಫಂಡಿನದು. ಹೆರಿಗೆಯ ಖರ್ಚೂ ಫಂಡಿನದೇ. ಹೆರಿಗೆ ಬೇಡ ಅನ್ನುವವರಿಗೆ ಮಾತ್ರ ಫಂಡ್ ಇರಲಿಲ್ಲ. ನನ್ನ ಜಗಳ ಶುರುವಾದದ್ದು ಅಲ್ಲಿಂದ.

ದೇವರ ಬಿಲ್ಲು

ಬೇಮಳಖೇಡ ಕಡೆಯ ಒಬ್ಬ ಹೆಣ್ಣುಮಗಳು ಗಿರಣಿಯಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಐದನೇ ಹೆರಿಗೆಯಲ್ಲಿ ರಕ್ತ ಹೋಗಿ ಹೋಗಿ, ಬದುಕಿದ್ದೇ ಹೆಚ್ಚು. ಕೆಲಸಕ್ಕೆ ಮರಳಿದ ದಿನ ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದಳು.

“ನರ್ಸಬಾಯಿ, ಇನ್ನೊಂದು ನಿಂತ್ರ ನಾ ಉಳಿಯೂದಿಲ್ರಿ. ಏನರ ಮಾಡ್ರಿ.”

“ಸರಕಾರಿ ದವಾಖಾನಿಗೆ ಹೋಗ್ತಿ ಏನು? ಅಲ್ಲಿ ಆಪರೇಷನ್ ಪುಕ್ಕಟ ಮಾಡ್ತಾರ.”

“ಅಯ್ಯಯ್ಯ! ನಮ್ಮ ಮನಿಯವ್ರಿಗೆ ಗೊತ್ತಾದ್ರ ಊರು ಬಿಟ್ಟು ಓಡ್ತಾರ್ರಿ.”

ತುರ್ತುಪರಿಸ್ಥಿತಿ ಮುಗಿದಿತ್ತು. ಗಂಡಸರನ್ನು ಹಿಡಿದುಕೊಂಡು ಹೋಗಿ ಆಪರೇಷನ್ ಮಾಡುತ್ತಾರೆ ಅನ್ನುವ ಹೆದರಿಕೆ ಮುಗಿದಿರಲಿಲ್ಲ. ಡಾಕ್ಟರು ಅವಳನ್ನು ತಪಾಸು ಮಾಡಿ ಬಸಿರು ತಡೆಯುವ ಗುಳಿಗೆ ಬರೆದುಕೊಟ್ಟರು. ನಾನು ಚೀಟಿ ಹಿಡಿದು ಮ್ಯಾನೇಜರ ಹತ್ತಿರ ಹೋದೆ. ಫಂಡ್ ಅವರ ಕೈಯಲ್ಲಿತ್ತು.

“ನರ್ಸಬಾಯಿ, ಫಂಡ್ ಇರೂದು ಬ್ಯಾನಿಗೆ. ಇದೇನು ಬ್ಯಾನಿ ಏನ್ರಿ?”

“ಬಸರಾಗೂದು ಬ್ಯಾನಿ ಏನ್ರಿ? ಅದಕ್ಕ ಕೊಡ್ತೀರಲ್ಲ?”

“ಅದು ದೇವರು ಕೊಟ್ಟಿದ್ದು.”

“ಹಂಗಾದ್ರ ಬಾಣಂತನದ ಬಿಲ್ಲೂ ದೇವರಿಗೇ ಕಳಸ್ರಿ. ನಿಮಗ್ಯಾಕ ತ್ರಾಸು?”

ಅವರು ಚಷ್ಮಾ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. “ದೇವರ ಅಡ್ರೆಸ್ ನನ್ನ ಹತ್ರ ಇಲ್ಲ. ನೀವು ನಡೀರಿ,” ಅಂದರು.

ತಲೆನೋವು

ಫಂಡ್ ಕೊಡಲಿಲ್ಲ. ಅವಳು ತನ್ನ ಕೈಯಿಂದಲೇ ದುಡ್ಡು ಹಾಕಿ ಗುಳಿಗೆ ಕೊಂಡಳು. ಗಂಡ ಅದೇ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಆನೆಯಂಥ ಆಳು, ಸೂಜಿ ಕಂಡರೆ ಮಾತ್ರ ಅಳು. ಅವನು ಕೇಳಿದರೆ ‘ತಲಿನೋವಿನ ಗುಳಿಗಿ’ ಅಂತ ಹೇಳಿದಳಂತೆ.

ಕೆಲವು ದಿನದ ಮೇಲೆ ಹಮಾಲ ಖುಷಿಯಿಂದ ನನ್ನ ಕೋಣೆಗೆ ಬಂದ.

“ಬಾಯಾರ, ನೀವು ನಮ್ಮಕಿಗೆ ಹೇಳಿದ ಗುಳಿಗಿ ಭಾಳ ಚಲೋ ಅದಾವ ನೋಡ್ರಿ. ಬಿಸಲಾಗ ಚೀಲ ಹೊತ್ತು ತಲಿ ಸಿಡೀತಿತ್ತು. ನಾಕು ನುಂಗಿದೆ, ಹಗರಾತು. ಇನ್ನೊಂದು ಪಾಕೀಟು ಕೊಡ್ರಿ.”

ನನಗೆ ಗಾಬರಿಯಾಯಿತು. ಅವನಿಗಾಗಿ ಅಲ್ಲ, ಅವಳಿಗಾಗಿ. ನಾಲ್ಕು ಗುಳಿಗೆ ಕಡಿಮೆ ಬಿದ್ದವು ಅಂದರೆ ಅವಳ ಗತಿ? ಅವನನ್ನು ಅಲ್ಲೇ ಕೂಡಿಸಿ, ಬೇಳೆ ಹಸನು ಮಾಡುವಲ್ಲಿಗೆ ಓಡಿಹೋಗಿ ಅವಳ ಕಿವಿಯಲ್ಲಿ ಹೇಳಿದೆ. ಅವಳು ಮೊರ ಕೆಳಗಿಟ್ಟಳು. “ಬರ್ರಿ, ಇವತ್ತ ಹೇಳೇಬಿಡೂಣು,” ಅಂದಳು.

ಇಬ್ಬರನ್ನೂ ಎದುರು ಕೂಡಿಸಿ ಎಲ್ಲ ಬಿಡಿಸಿ ಹೇಳಿದೆ. ಹೋದ ಹೆರಿಗೆಯಲ್ಲಿ ಅವಳು ಸಾಯುವಂತಾಗಿದ್ದು ನೆನಪು ಮಾಡಿದೆ. ಹಮಾಲ ಹೆಂಡತಿಯ ಕಡೆ ನೋಡಿ, “ನನಗ ಯಾಕ ಹೇಳಲಿಲ್ಲ ನೀ?” ಅಂದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಸಣ್ಣ ದನಿಯಲ್ಲಿ ಕೇಳಿದ: “ಬಾಯಾರ, ನಾಕು ನನ್ನ ಹೊಟ್ಟ್ಯಾಗ ಹೋಗ್ಯಾವ. ನನಗೇನರ ಆಗ್ತದೇನ್ರಿ?”

“ಏನಿಲ್ಲ. ಈ ತಿಂಗಳು ನೀವು ಬಸರಾಗೂದಿಲ್ಲ, ಅಷ್ಟ.”

ಪುಣ್ಯಕ್ಕೆ, ಆ ತಿಂಗಳು ಅವಳೂ ಬಸಿರಾಗಲಿಲ್ಲ.

ಕಂಡಕ್ಟರ್

ಗುಳಿಗೆಗೆ ದಾರಿಯಾಗುವ ತನಕ ಸುಮ್ಮನೆ ಕೂಡಬಾರದು ಅಂತ ಬಸವಕಲ್ಯಾಣದ ಸರಕಾರಿ ದವಾಖಾನೆಯಿಂದ ಪುಕ್ಕಟೆ ನಿರೋಧ್ ಕಾಂಡೋಮಿನ ಪಾಕೀಟುಗಳನ್ನು ಕೈಚೀಲ ತುಂಬ ತರತೊಡಗಿದೆ. ಒಮ್ಮೆ ರಾಜೇಶ್ವರದ ಹತ್ತಿರ ಎಮ್ಮೆ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಚೀಲ ಮಗುಚಿ, ಪಾಕೀಟುಗಳು ಬಸ್ಸಿನ ತುಂಬ ಚೆಲ್ಲಾಪಿಲ್ಲಿಯಾದವು.

ಗಂಡಸರೆಲ್ಲ ಒಮ್ಮೆಲೇ ಕಿಟಕಿಯಿಂದ ಹೊರಗೆ ತೊಗರಿ ಬೆಳೆ ನೋಡತೊಡಗಿದರು. ಕಂಡಕ್ಟರ್ ಒಂದು ಪಾಕೀಟು ಎತ್ತಿ ಹಿಡಿದು, “ಇವು ಯಾರವು?” ಅಂದ.

“ನನ್ನವು. ಆರಿಸಿ ಕೊಡ್ರಿ.”

“ಏನ್ ಬಾಯಾರ, ಬಸ್ಸಿನ್ಯಾಗ ಇಂಥಾವು ತರ್ತಾರೇನ್ರಿ? ಮಂದಿ ಕುಂತಾರ!”

“ಮಂದಿ ಸಲುವಾಗೇ ತಂದೀನ್ರಿ.”

ಮುಂದಿನ ಸೀಟಿನ ಮುದುಕಿ ತಿರುಗಿ, “ಏನವ್ವ ಅದು, ಚಾಪುಡಿ ಏನು?” ಅಂದಳು. ನಾನು ದನಿ ತಗ್ಗಿಸಲಿಲ್ಲ, ಎಲ್ಲರಿಗೂ ಕೇಳುವಂತೆ ಏನು ಎತ್ತ ಅಂತ ಹೇಳಿದೆ. ಮುದುಕಿ ಎಲೆಅಡಿಕೆ ಅಗಿಯುತ್ತ ಪೂರಾ ಕೇಳಿದಳು.

“ನಮ್ಮ ಕಾಲದಾಗ ಇವು ಇದ್ದಿಲ್ಲ ನೋಡು.”

“ಇದ್ದಿದ್ರ ಏನಾಗ್ತಿತ್ತು ಆಯಿ?”

ಮುದುಕಿ ಕಂಡಕ್ಟರನ ಕಡೆ ಬೆರಳು ಮಾಡಿದಳು. “ಇವ ಇಲ್ಲಿ ನಿಂತು ನಿನಗ ಬೈತಿದ್ದಿಲ್ಲ. ನನ್ನ ಎಂಟನೇ ಮಗ ಇವ.”

ಇಡೀ ಬಸ್ಸು ನಕ್ಕಿತು. ಕಂಡಕ್ಟರನ ಮುಖ ಸಣ್ಣದಾಯಿತು. ತಾಯಿಗೆ ಕನಿಕರ ಬಂದು ಅವನ ಬೆನ್ನು ಸವರಿದಳು. “ಇರಲಿ ಮಗನ, ಬಂದಿ, ಚಲೋ ಆತು. ಈಗ ಆ ಬಾಯಾರ ಸಾಮಾನು ಆರಸು.”

ಗಿರಣಿ ನಿಂತ ದಿನ

ನಾನು ಮ್ಯಾನೇಜರ ಬೆನ್ನು ಬಿಡಲಿಲ್ಲ. ಕೊನೆಗೆ ಅವರು ಬೇಸತ್ತು, “ಸಾವ್ಕಾರ್ರು ಬಂದಾಗ ಮೀಟಿಂಗಿನ್ಯಾಗ ಕೇಳ್ರಿ,” ಅಂದರು. ಅಲ್ಲಿ ಎಲ್ಲರ ಮುಂದೆ ಈ ಮಾತೆತ್ತಲು ನಾಚುತ್ತೇನೆ ಅಂತ ಅವರ ಅಂದಾಜು. ನಾನು ಹೋದೆ, ಎತ್ತಿದೆ.

ಸಾವ್ಕಾರರು ಕೆಟ್ಟವರಲ್ಲ, ಗಡಬಡಿಸಿದರು. ಮ್ಯಾನೇಜರು ನಡುವೆ ಬಂದರು. “ನರ್ಸಬಾಯಿ ಒಬ್ಬರೇ ಒದರ್ತಾರ್ರಿ. ಯಾರಿಗೆ ಬೇಕಾಗ್ಯದ ಅವರು ಎದುರಿಗೆ ಬಂದು ಕೇಳಲಿ. ಒಬ್ಬಕಿನೂ ಬರೂದಿಲ್ಲ, ಬರದು ಕೊಡ್ತೀನಿ.”

ನಾನು ಎದ್ದು ಹೊರಗೆ ಹೋಗಿ ಬೇಳೆ ಹಸನು ಮಾಡುವ ಹೆಂಗಸರಿಗೆ ಅದೇ ಮಾತು ಹೇಳಿದೆ. ಬೇಮಳಖೇಡದವಳು ಮೊದಲು ಎದ್ದಳು. ಅವಳ ಹಿಂದೆ ‘ಹುಡಗಿ’ ಎಂಬ ಊರಿನ ಇಬ್ಬರು. ಆಮೇಲೆ ಎಲ್ಲರೂ. ಸೆರಗಿನ ಮೇಲಿನ ಹೊಟ್ಟು ಕೊಡವುತ್ತ ಬಾಗಿಲ ತುಂಬ ಬಂದು ನಿಂತರು. ಚೀಲ ಹೊರುವವರು, ಏನಾಯಿತು ಅಂತ, ಅವರ ಹಿಂದೆ. ಗಿರಣಿಯ ಸದ್ದೇ ನಿಂತುಹೋಯಿತು.

ಸಾವ್ಕಾರರು ಗಾಬರಿಯಾದರು. “ಎಲ್ಲಾರೂ ಇಲ್ಲಿ ಬಂದ್ರ ಬ್ಯಾಳಿ ಯಾರು ಹಸನು ಮಾಡ್ತಾರ?”

ಬೇಮಳಖೇಡದವಳು ಸೆರಗು ಸರಿ ಮಾಡಿಕೊಂಡಳು. “ಇವತ್ತು ಮಾಡ್ತೇವ್ರಿ ಯಪ್ಪಾ. ಗುಳಿಗಿ ಕೊಡಲಿಲ್ಲಂದ್ರ ಇನ್ನ ಒಂಬತ್ತು ತಿಂಗಳಿಗೆ ಯಾರೂ ಇರೂದಿಲ್ರಿ.”

ಹಮಾಲರು ಸಹ ನಕ್ಕುಬಿಟ್ಟರು. ಸಾವ್ಕಾರರು ನಗು ತಡೆಯಲು ಕೆಮ್ಮಿದರು. ಮ್ಯಾನೇಜರಿಗೆ ಮಾತ್ರ ಸೋಲಲು ಮನಸ್ಸಿಲ್ಲ. ಎದ್ದು ನಿಂತು ದನಿ ಏರಿಸಿದರು:

“ಸಾವ್ಕಾರ್ರ, ಇದು ಕೂಲಿ ಮಂದಿ ಮಾತು. ಮರ್ಯಾದಸ್ಥರ ಮನಿ ಹೆಣ್ಮಕ್ಕಳು ಇಂಥಾದ್ದು ಬಾಯಿಬಿಟ್ಟು ಕೇಳೂದಿಲ್ರಿ!”

ಗುಂಪು ಎರಡು ಭಾಗವಾಯಿತು. ನಡುವಿನಿಂದ, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಮ್ಯಾನೇಜರ ಹೆಂಡತಿ ಬಂದರು. ದಿನಾ ಮಧ್ಯಾಹ್ನ ಗಂಡನಿಗೆ ಬುತ್ತಿ ತರುವವರು. ಎಷ್ಟು ಹೊತ್ತಿನಿಂದ ಹಿಂದೆ ನಿಂತು ಕೇಳುತ್ತಿದ್ದರೋ! ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು.

“ನಮ್ಮ ಮನ್ಯಾಗ ಮರ್ಯಾದಿ ಆರು ಅದಾವ್ರಿ ಸಾವ್ಕಾರ್ರ. ಏಳನೇದು ಬ್ಯಾಡ. ನರ್ಸಬಾಯಿ, ನನಗೂ ಗುಳಿಗಿ ಬೇಕ್ರಿ.”

ಸಾವ್ಕಾರರು ಈ ಸಲ ಕೆಮ್ಮಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಒರೆಸಿಕೊಂಡು, “ಫಂಡ್ ನಿಮ್ಮ ಕೈಯಾಗ ಅದ, ಮ್ಯಾನೇಜರ್. ಏನಂತೀರಿ?” ಎಂದು ಕೇಳಿದರು.

ಮ್ಯಾನೇಜರು ಡಬ್ಬಿ ನೋಡಿದರು. ಹೆಂಡತಿಯ ಮುಖ ನೋಡಿದರು. ಹೆಂಡತಿ ಡಬ್ಬಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು.

“ಮಂಜೂರ್ರಿ,” ಅಂದರು ಮ್ಯಾನೇಜರು.