ಮೊಮ್ಮಗಳು ಮಣ್ಣು ತಿಂದ ದಿನ

ನನ್ನ ಮೊಮ್ಮಗಳು ಇವತ್ತು ಮಣ್ಣು ತಿಂದಳು. ನಮ್ಮ ಮನೆಯ ಅಂಗಳದ ಮಣ್ಣು. ಹಿಡಿ ತುಂಬ ಅಲ್ಲದಿದ್ದರೂ ಒಂದು ಚಿಟಿಕೆಯಾದರೂ ಹೊಟ್ಟೆಗೆ ಹೋಗಿರಬೇಕು. ಅವಳವ್ವ ಅಲ್ಲೇ ನಿಂತಿದ್ದಳು. ಕಣ್ಣಾರೆ ನೋಡಿದಳು. ನೋಡಿಯೂ ಕಿರುಚಲಿಲ್ಲ, ಮಗುವನ್ನು ಕಾರಿಗೆ ಹಾಕಿಕೊಂಡು ಮಂಡ್ಯಕ್ಕೆ ಓಡಲಿಲ್ಲ. ಇದಕ್ಕಿಂತ ಸಂತೋಷದ ಸುದ್ದಿ ನನ್ನ ಹತ್ತಿರ ಬೇರೆ ಇಲ್ಲ. ಯಾರು ಸಿಕ್ಕಿದರೂ ಹೇಳಿದೆ. ಹಾಲಿನ ಡೈರಿಯ ಮುಂದೆ ಹೇಳಿದೆ, ಬೆಸಗರಹಳ್ಳಿ ಬಸ್ಸಿಗೆ ಕಾಯುತ್ತಿದ್ದವರಿಗೂ ಹೇಳಿದೆ. "ಮಗು ಮಣ್ಣು ತಿಂದದಂತೆ ಕಣ್ಲಾ, ಅದ್ಕೆ ಈ ಯಜಮಾನ ಊರ್ಗೆಲ್ಲಾ ಸಕ್ಕರೆ ಅಂಚ್ತಾವ್ನೆ" ಎಂದು ಒಬ್ಬ ನಕ್ಕ. ನಗಲಿ. ಅವನ ಮೊಮ್ಮಕ್ಕಳು ದಿನಾ ತಿನ್ನುತ್ತವೆ, ಅವನಿಗೇನು ಗೊತ್ತು ಇದರ ಬೆಲೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯಲು ಕೂತರೆ ಮಾತಾಡಿದ ಹಾಗೇ ಬರುತ್ತದೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಮಗ ಮಾದೇವ ಮಂಡ್ಯದಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿ ಸೌಮ್ಯ. ಒಳ್ಳೆಯ ಹುಡುಗಿ, ಒಂದು ದಿನ ನನಗಾಗಲಿ ನನ್ನ ಹೆಂಡತಿ ಕೆಂಪಮ್ಮನಿಗಾಗಲಿ ಎದುರಾಡಿದವಳಲ್ಲ. ಆದರೆ ಮಗು ಹುಟ್ಟಿದ ಮೇಲೆ ಆ ಮನೆಗೆ ಹೋಗುವುದೆಂದರೆ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಗೆ ಹೋದ ಹಾಗೆ. ಚಪ್ಪಲಿ ಗೇಟಿನ ಹೊರಗೆ. ಕಾಲಿಗೆ ನೀರು. ಕೈಗೆ ಸೋಪು, ಸೋಪಿನ ಮೇಲೆ ಮೂಗಿಗೆ ಹೊಡೆಯುವ ಒಂದು ನೀರು. ಅದು ಆರುವ ತನಕ ಎರಡು ಕೈಯನ್ನೂ ಎತ್ತಿಕೊಂಡು, ಪೊಲೀಸರು ಹಿಡಿದ ಕಳ್ಳನ ಹಾಗೆ ನಿಂತಿರಬೇಕು. ಒಂದು ಸಲ ಮದ್ದೂರು ವಡೆ ಕೊಂಡುಹೋಗಿದ್ದೆ. ವಡೆಯ ಪೊಟ್ಟಣಕ್ಕೂ ಅದೇ ನೀರಿನಲ್ಲಿ ಸ್ನಾನವಾಯಿತು. ಎಣ್ಣೆ ಕಾಗದ ನೆನೆದು, ವಡೆಯಲ್ಲಿ ಈರುಳ್ಳಿ ಘಮದ ಬದಲು ಇಂಜೆಕ್ಷನ್ ಘಮ ಬಂತು. ಅದನ್ನು ತಿಂದವನು ನಾನೊಬ್ಬನೇ.

ಅವರು ನಮ್ಮ ಊರಿಗೆ ಬರುವುದೂ ಹೀಗೇ. ಕಾರಿನ ಹಿಂದೆ ಒಂದು ಸಂಸಾರವೇ ಇಳಿಯುತ್ತಿತ್ತು. ಮಗುವಿನ ನೀರು, ಮಗುವಿನ ಅನ್ನ, ಮಗುವಿನ ಬಟ್ಟಲು, ಹಾಸಲು ಪ್ಲಾಸ್ಟಿಕ್ ಚಾಪೆ, ಅದರ ಮೇಲೆ ಬಿಳೀ ದುಪ್ಪಟಿ. ಆ ದುಪ್ಪಟಿಯ ನಡುವೆ ನನ್ನ ಮೊಮ್ಮಗಳು ಇಂಚರ ಕೂರುತ್ತಿದ್ದಳು. ನಾವೆಲ್ಲ ಸುತ್ತ ನಿಂತು ನೋಡಬೇಕು. ಕೋಳಿಗಳೂ ನಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದವು. ನಮಗೂ ಕೋಳಿಗಳಿಗೂ ಆಗ ಒಂದೇ ಸ್ಥಾನ. ಬಿಸಿಲು ಇಳಿಯುವುದರೊಳಗೆ ಎಲ್ಲ ಸುತ್ತಿಕೊಂಡು ಹೊರಟುಬಿಡುತ್ತಿದ್ದರು. ವರ್ಷ ತುಂಬಿ ಮೇಲೂ ಆಗಿದ್ದ ಮಗು ನಮ್ಮ ಒಲೆಯಲ್ಲಿ ಬೆಂದದ್ದನ್ನು ಒಂದು ತುತ್ತು ಉಂಡಿರಲಿಲ್ಲ. ಕೆಂಪಮ್ಮ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಅವರು ಬರುವ ದಿನವೆಲ್ಲ ಒಂದು ಸಣ್ಣ ಮುದ್ದೆ, ನಿಂಬೆಹಣ್ಣಿನ ಗಾತ್ರದ್ದು, ಕಟ್ಟಿ ಮುಚ್ಚಿಡುತ್ತಿದ್ದಳು. ರಾತ್ರಿ ಅದನ್ನು ನಾಯಿಗೆ ಹಾಕುತ್ತಿದ್ದಳು.

ನಾನು ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುವವನಲ್ಲ. "ನಾವೆಲ್ಲ ನಾಲೆ ನೀರು ಕುಡ್ದು ಬೆಳ್ದೋರು ಕಣವ್ವ. ಗದ್ದೆ ಬದಿನಾಗೆ ಬಿದ್ದ ಕಬ್ಬ ಚಡ್ಡಿಗೆ ಒರೆಸ್ಕಂಡು ತಿಂತಿದ್ದೋ. ಏನಾಯ್ತು ನಮ್ಗೆ, ಗುಂಡುಕಲ್ಲಂಗಿಲ್ವಾ" ಎಂದು ಸೌಮ್ಯಳ ಮುಂದೆ ಎದೆ ಉಬ್ಬಿಸುತ್ತಿದ್ದೆ. ಕೆಂಪಮ್ಮ ಅಕ್ಕಿ ಆರಿಸುತ್ತಾ ತಲೆ ಎತ್ತದೆ, "ನಿಮ್ಮ ತಮ್ಮ ವಾಂತಿಬೇದೀಲಿ ಸತ್ತೋದ್ನಲ್ಲಾ, ಅದ್ನೂ ಯೋಳಿ" ಅಂದಳು ಒಂದು ದಿನ. ನನ್ನ ಎದೆ ಇದ್ದಲ್ಲಿಗೆ ಇಳಿಯಿತು. ನಮ್ಮ ಹೆಂಗಸರು ಸೊಸೆಯ ಪರ ಯಾವಾಗ ತಿರುಗುತ್ತಾರೆ, ಗಂಡನ ಪರ ಯಾವಾಗ ಇರುತ್ತಾರೆ ಎಂದು ಹೇಳುವ ಪಂಚಾಂಗ ಇನ್ನೂ ಬಂದಿಲ್ಲ.

ಇನ್ನು ನನ್ನ ಕಸುಬಿನ ವಿಷಯ ಹೇಳಲೇಬೇಕು. ನಾನು ರೇಷ್ಮೆ ಹುಳ ಸಾಕುವವನು. ಮನೆಯ ಹಿಂದೆ ಹುಳದ ಮನೆ ಇದೆ. ಹೋದ ತಿಂಗಳು ಮಗ ಸೊಸೆ ಬಂದಾಗ ಹುಳ ಕೊನೆಯ ಜ್ವರ ಎದ್ದಿತ್ತು. ಹುಳ ಸೊಪ್ಪು ಬಿಟ್ಟು, ಪೊರೆ ಕಳಚಲು ಸುಮ್ಮನೆ ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರದಿಂದ ಎದ್ದ ಹುಳ ಸೊಪ್ಪು ತಿನ್ನುವ ಸದ್ದು ಸಣ್ಣ ಸೋನೆ ಬಿದ್ದ ಹಾಗೆ ಕೇಳುತ್ತದೆ. ಅದನ್ನು ಮಗುವಿಗೆ ಕೇಳಿಸೋಣವೆಂದು ಸೌಮ್ಯ ಅವಳನ್ನು ಎತ್ತಿಕೊಂಡು ಹುಳದ ಮನೆಯ ಬಾಗಿಲಿಗೆ ಬಂದಳು. ನಾನು ಅಡ್ಡ ನಿಂತೆ.

"ಅಂಗೇ ಬರ್ಬ್ಯಾಡ ಕಣವ್ವ. ಕಾಲ ಆ ಬ್ಲೀಚಿಂಗ್ ನೀರ್ನಾಗೆ ಅದ್ದು. ಕೈ ತೊಳ್ಕೊ. ತಲೇಲಿ ಹೂವೈತಾ, ಅದ್ಕೆ ಔಷ್ದಿ ಹೊಡ್ದಿರ್ತಾರೆ, ತಗ್ದು ಆಚೆ ಮಡಗು."

ಸೌಮ್ಯ ಕಾಲು ಅದ್ದಲಿಲ್ಲ. ನನ್ನನ್ನೇ ನೋಡಿದಳು. "ಹುಳಕ್ಕೆ ಇಷ್ಟು ಮಡಿ ಮಾಡ್ತೀರಲ್ಲ ಮಾವ, ನಾನು ಮಗಳಿಗೆ ಮಾಡಿದ್ರೆ ನಗ್ತೀರಾ" ಎಂದಳು. ಕೋಪದಿಂದಲ್ಲ, ಮೆಲ್ಲಗೆ. ಅದೇ ಕಷ್ಟ. ಕೋಪದಲ್ಲಿ ಅಂದಿದ್ದರೆ ಜಗಳ ಆಡಬಹುದಿತ್ತು.

ಅವಳ ಮಾತು ಸುಳ್ಳಲ್ಲ. ಒಂದು ಸಲ ಹುಳಕ್ಕೆ ಹಾಲುರೋಗ ಹೊಕ್ಕು, ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಇಡೀ ಬೆಳೆಯನ್ನು ಗುಂಡಿಗೆ ಸುರಿದಿದ್ದೇನೆ. ಆಮೇಲಿಂದ ಹುಳದ ಮನೆಯ ಮುಂದೆ ಯಾರ ನೆರಳು ಬಿದ್ದರೂ ನನಗೆ ಅನುಮಾನ. ಹುಳಕ್ಕೇ ನಾನು ಇಷ್ಟು ಹೆದರಿದರೆ, ಮಗುವಿಗೆ ತಾಯಿ ಎಷ್ಟು ಹೆದರಬೇಕು. ಅಲ್ಲೇ ಕಲ್ಲಿನ ಮೇಲೆ ಕೂತು ಅವಳು ಹೇಳಿದಳು. ಇಂಚರ ದಿನ ತುಂಬುವ ಮೊದಲೇ ಹುಟ್ಟಿದ್ದು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದು ನನಗೂ ಗೊತ್ತಿತ್ತು. ಆದರೆ ಆಗ ನರ್ಸಮ್ಮ ಪ್ರತಿ ಸಲವೂ, ಕೈ ತೊಳೀದೆ ಮುಟ್ಟಿದ್ರೆ ನಿಮ್ಮ ಮಗು ನಿಮಗೆ ಉಳಿಯಲ್ಲ ಅಂದಿದ್ದು ಗೊತ್ತಿರಲಿಲ್ಲ. "ಈಗ್ಲೂ ಅದೇ ಮಾತು ಕಿವೀಲಿ ಕೇಳುತ್ತೆ ಮಾವ. ಒರೆಸಿ ಒರೆಸಿ ಅವಳ ಕೈ ಚರ್ಮ ಬಿರುಕು ಬಿಟ್ಟಿದೆ. ಗೊತ್ತು. ಆದ್ರೂ ನಿಲ್ಸಕ್ಕಾಗ್ತಿಲ್ಲ" ಅಂದಳು. ಮಗುವಿನ ಅಂಗೈ ತೋರಿಸಿದಳು. ಹಸುಗೂಸಿನ ಕೈ ಕಳೆ ಕಿತ್ತವರ ಕೈಯ ಹಾಗೆ ಒರಟಾಗಿತ್ತು.

ಆಗ ನನ್ನ ನಗು ನಿಂತುಹೋಯಿತು. "ಡಾಕ್ಟ್ರನ್ನೇ ಕೇಳವ್ವ. ಅವ್ರು ಇಂಗೇ ಇರ್ಲಿ ಅಂದ್ರೆ ನಾನು ಇನ್ನೊಂದು ಮಾತಾಡಿದ್ರೆ ಕೇಳು" ಎಂದೆ.

ಅವಳು ಕೇಳಿದಳು. ಮಂಡ್ಯದ ಮಕ್ಕಳ ಡಾಕ್ಟರು ಹೇಳಿದ್ದನ್ನು ಫೋನಿನಲ್ಲಿ ನನಗೇ ಹೇಳಿದಳು. ಮಗು ತೂಕ ಬಂದಿದೆ, ಚುಚ್ಚುಮದ್ದೆಲ್ಲ ಆಗಿದೆ, ಇನ್ನು ಗಾಜಿನ ಪೆಟ್ಟಿಗೆ ಬೇಡವಂತೆ. ಮಣ್ಣಲ್ಲಿ ಆಡಲಿ, ಕರು ಮುಟ್ಟಲಿ, ಯಾವುದು ಶತ್ರು ಯಾವುದು ನೆಂಟ ಅಂತ ಮೈಗೆ ಗೊತ್ತಾಗಬೇಕಂತೆ. ನಾನು ಕುಣಿಯುವವನಿದ್ದೆ. "ಇನ್ನೂ ಇದೆ ಮಾವ" ಅಂದಳು. ಊಟಕ್ಕೆ ಮುಂಚೆ, ಕಕ್ಕ ಮಾಡಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು, ನೀರು ಕಾಯಿಸಲೇಬೇಕು, ಹಸೀ ಹಾಲು ಕುಡಿಸಲೇಬಾರದು. "ನೊರೆ ಹಾಲು ಮೈಗೆ ಒಳ್ಳೇದು ಅಂತ ಹೇಳ್ತಾರಲ್ಲ ನಮ್ಮ ಮಾವ ಅಂದೆ. ನಿಮ್ಮ ಮಾವನಿಗೂ ಕೊಡಬೇಡಿ ಅಂದ್ರು." ಕೆಂಪಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಅವತ್ತಿನಿಂದ ನನಗೂ ಕಾಯಿಸಿದ ಹಾಲೇ.

ಇವತ್ತು ಬೆಳಿಗ್ಗೆ ಬಂದರು. ಕಾರಿನಿಂದ ಚಾಪೆ ಇಳಿಯಲಿಲ್ಲ. ಸೌಮ್ಯ ಮಗುವನ್ನು ಅಂಗಳದಲ್ಲಿ ಬಿಟ್ಟಳು. ಬಿಟ್ಟಳೇನೋ ನಿಜ, ಅವಳ ಕೈ ಮಾತ್ರ ಮಗು ಇನ್ನೂ ಅಲ್ಲೇ ಇದೆ ಅನ್ನುವ ಹಾಗೆ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು. ಇಂಚರ ಬರಿಗಾಲಲ್ಲಿ ನಿಂತು, ಮಣ್ಣು ಅಂದರೇನು ಎಂದು ಬೆರಳು ಕುಣಿಸಿ ನೋಡಿದಳು. ಕೂತಳು. ಕೋಳಿಯ ಹಿಂದೆ ಅಂಬೆಗಾಲಿಟ್ಟಳು. ಆಮೇಲೆ ಆ ಚಿಟಿಕೆ. ನಾವೆಲ್ಲ ಸೌಮ್ಯಳ ಮುಖವನ್ನೇ ನೋಡಿದೆವು. ಅವಳ ಕಣ್ಣು ತುಂಬಿತ್ತು. ಹೋಗಿ, ಬೆರಳಿನಿಂದ ಮಗುವಿನ ಬಾಯಿ ಒರೆಸಿ, "ತೂ ಮಾಡು ಪುಟ್ಟ" ಅಂದಳು. ಅಷ್ಟೇ. ಮಗು ನಕ್ಕಿತು, ಅವಳೂ ನಕ್ಕಳು. ನಾನು ಡೈರಿಗೆ ಹೊರಟೆ. ಹಾಲು ಹಾಕುವುದಿರಲಿಲ್ಲ, ಸುದ್ದಿ ಹಾಕುವುದಿತ್ತು.

ಸಂಜೆ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಊಟಕ್ಕೆ ಕೂತೆವು. ಮುದ್ದೆ, ಅವರೆಕಾಳಿನ ಸಾರು. ಸೌಮ್ಯ ತಾನೇ ಮಗುವಿನ ಕೈ ತೊಳೆಸಿ ನನ್ನ ತೊಡೆಯ ಮೇಲೆ ಕೂರಿಸಿದಳು. ಕೆಂಪಮ್ಮ ನಿಂಬೆಹಣ್ಣಿನ ಗಾತ್ರದ ಮುದ್ದೆಯನ್ನು ತಂದು ನನ್ನ ತಟ್ಟೆಯ ಅಂಚಿಗೆ ಇಟ್ಟಳು. ಇಂಚರ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ನುಂಗುವುದು ಗೊತ್ತಿಲ್ಲ, ಇರುವ ನಾಲ್ಕು ಹಲ್ಲಿನಲ್ಲೇ ಅಗಿದಳು. ಹಲ್ಲಿಗೆ ಮೆತ್ತಿಕೊಂಡಿತು. ನಡುವೆ ಕಾಲುಬೆರಳಿನ ಸಂದಿಯನ್ನೂ ಒಂದು ಸಲ ಕೆರೆದುಕೊಂಡಳು. ಆಮೇಲೆ ಅದೇ ಕೈಯಿಂದ ಬಾಯೊಳಗಿದ್ದುದನ್ನೆಲ್ಲ ಈಚೆ ತೆಗೆದು, ಜೊಲ್ಲಿನ ಸಮೇತ, ಬಲು ಪ್ರೀತಿಯಿಂದ ನನ್ನ ಬಾಯಿಯ ಹತ್ತಿರ ಹಿಡಿದಳು.

ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.

"ಯಾಕೆ ಮಾವ" ಅಂದಳು ಸೌಮ್ಯ. "ಮೈಗೆ ಒಳ್ಳೇದಂತೆ. ಶತ್ರು ಯಾರು, ನೆಂಟ ಯಾರು ಗೊತ್ತಾಗ್ಬೇಕಲ್ಲ."

"ಅಂಗಡಿಯಿಂದ ಏನಾರ ಮಾತ್ರೆ ತರ್ಲಾ ಅಪ್ಪ" ಅಂದ ಮಾದೇವ.

ಕೆಂಪಮ್ಮ ಸಾರಿನ ಸೌಟು ಹಿಡಿದು ನೋಡುತ್ತ ನಿಂತಳು. ಮಗುವಿನ ಕೈ ಹಿಡಿದಲ್ಲೇ ಇತ್ತು. ಕಣ್ಣು ಮುಚ್ಚಿ ಬಾಯಿ ತೆರೆದೆ. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ನಮ್ಮ ಕಡೆ ಹಿರಿಯರು ಯಾಕೆ ಪದ್ಧತಿ ಮಾಡಿದರು ಎಂಬುದು ಈ ವಯಸ್ಸಿನಲ್ಲಿ ನನಗೆ ಅರ್ಥವಾಯಿತು.